ಕ್ರಿಸ್ಮಸ್ ಮರವೂ ನಮ್ಮ ಸರ್ವೆ ಕೊಂಬೆಯೂ

“ಮಾವ, ನಿಜವಾದ ಕ್ರಿಸ್ಮಸ್ ಮರ ಅಂದ್ರೆ ಯಾವುದು?”

ನನ್ನ ಅಕ್ಕನ ಮಗಳು ಈ ಪ್ರಶ್ನೆಯನ್ನು ಕೇಳಿದ್ದು ೨೦೨೪ರ ಡಿಸೆಂಬರ್ ತಿಂಗಳಲ್ಲಿ, ಹಬ್ಬಕ್ಕೆ ಇನ್ನು ಮೂರು ದಿನಗಳಿರುವಾಗ. ಆಕೆಗೆ ಎಂಟು ವರ್ಷ. ನಾನೋ ಬಿ.ಎ. ಅಂತಿಮ ವರ್ಷದಲ್ಲಿ ಇತಿಹಾಸವನ್ನು ಓದುತ್ತಿರುವವನು. ಟಿಪ್ಪಣಿಗಳನ್ನು ಬರೆದು ಬರೆದು, ಯಾವ ಪ್ರಶ್ನೆಗಾದರೂ ಐದು ಅಂಕಕ್ಕೆ ಸಾಲುವಷ್ಟು ಉತ್ತರವನ್ನು ಹೊಸೆಯಬಲ್ಲೆನೆಂಬ ಧೈರ್ಯವುಳ್ಳವನು. ಆದರೂ ಆ ಹೊತ್ತು ತಬ್ಬಿಬ್ಬಾದೆ. ಏಕೆಂದರೆ ಇದೇ ಪ್ರಶ್ನೆಗೆ ಆರು ವರ್ಷಗಳ ಹಿಂದೆ ನಾನು, ಯಾರೂ ಕೇಳದೆಯೇ, ಒಂದು ಉತ್ತರವನ್ನು ಕೊಟ್ಟಿದ್ದೆ. ಆ ಉತ್ತರ ತಪ್ಪಾಗಿತ್ತು.

ಈ ಲೇಖನ ಆ ತಪ್ಪಿನ ತಿದ್ದುಪಡಿ. ಇದರಲ್ಲಿ ಚರಿತ್ರೆಯ ಜೊತೆಗೆ ಸಸ್ಯಶಾಸ್ತ್ರವೂ ಸ್ವಲ್ಪ ನುಸುಳಿದೆ. ನಮ್ಮದು ಕಲಾ ಕಾಲೇಜು. ವಿಜ್ಞಾನದವರ ಬೇಲಿಯನ್ನು ಹಾರಿದ ಅಪರಾಧವನ್ನು ಮಾನ್ಯ ಅಧ್ಯಾಪಕರು ಮನ್ನಿಸಬೇಕು. ಮರಗಳ ವಿಷಯದಲ್ಲಿ ನನಗೆ ಪಾಠ ಹೇಳಿದವರು ಯಾವ ಕಾಲೇಜಿನವರೂ ಅಲ್ಲ.

ನಮ್ಮೂರು ಕನಕಪುರದ ಕಡೆಯ ಒಂದು ಹಳ್ಳಿ. ತಲೆಮಾರುಗಳಿಂದ ಕ್ರೈಸ್ತರಾಗಿಯೂ ಒಕ್ಕಲು ಮಕ್ಕಳಾಗಿಯೂ ಬಾಳಿಕೊಂಡು ಬಂದ ಮನೆಗಳು ಅಲ್ಲಿ ಕೆಲವುಂಟು. ನಮ್ಮದು ಅವುಗಳಲ್ಲಿ ಒಂದು. “ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?” ಎಂದು ಹಾಸ್ಟೆಲಿನಲ್ಲಿ ಮಿತ್ರರು ಕುತೂಹಲದಿಂದ ಕೇಳುವುದುಂಟು. ಕನ್ನಡವನ್ನಲ್ಲದೆ ಇನ್ನಾವುದನ್ನೂ ನಾವು ಅರಿಯೆವು. ಹಬ್ಬವೆಂದರೆ ನಮಗೂ ಕಜ್ಜಾಯ, ಕರ್ಜಿಕಾಯಿ, ನಿಪ್ಪಟ್ಟುಗಳೇ; ಬಾಗಿಲಿಗೆ ಮಾವಿನ ತೋರಣವೇ. ಹೆಚ್ಚಿನದೆಂದರೆ ಸೂರಿಗೆ ತೂಗುಹಾಕುವ ನಕ್ಷತ್ರದ ಗೂಡು, ನಡುರಾತ್ರಿಯ ಪೂಜೆ, ಮತ್ತು ಮನೆಯ ಮೂಲೆಯಲ್ಲಿ ಕಟ್ಟುವ ಗೋದಲಿ. ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಮಣ್ಣು, ಹುಲ್ಲು, ಬೊಂಬೆಗಳಿಂದ ಮಾಡಿ ತೋರಿಸುವುದಕ್ಕೆ ಗೋದಲಿ ಎನ್ನುತ್ತೇವೆ. ಹಬ್ಬಕ್ಕೆ ಹತ್ತು ದಿನ ಮುಂಚೆ ಅಮ್ಮ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುತ್ತಿದ್ದಳು. ಅದೇ ಗೋದಲಿಯ ಹುಲ್ಲುಗಾವಲು. ಅದರ ಪಕ್ಕದಲ್ಲಿ, ಕೆಮ್ಮಣ್ಣು ತುಂಬಿದ ಹಳೆಯ ಎಣ್ಣೆಡಬ್ಬದಲ್ಲಿ, ಒಂದು ಸರ್ವೆ ಕೊಂಬೆ.

ಸರ್ವೆ ನಮ್ಮ ಮನೆಗೆ ಅನ್ನ ಕೊಟ್ಟ ಮರ. ಅಪ್ಪನಿಗೆ ಒಂದೂಕಾಲು ಎಕರೆ ರಾಗಿ ಹೊಲವಿದೆ. ಹೊಲದ ಕೆಲಸವಿಲ್ಲದ ದಿನಗಳಲ್ಲಿ ಸುತ್ತಿನ ಸರ್ವೆ ತೋಪುಗಳನ್ನು ಕಡಿಯುವ ಕೂಲಿಗೆ ಹೋಗುತ್ತಾರೆ. ಅವರು ಕಡಿದು ಹೊರೆ ಕಟ್ಟಿದ ಗಳಗಳು ಬೆಂಗಳೂರಿನ ಎಷ್ಟೋ ಕಟ್ಟಡಗಳಿಗೆ ಸಾರುವೆಯಾಗಿ ನಿಂತಿವೆ. ಅವರಿಗೆ ಬರುವ ಅಕ್ಷರವೆಲ್ಲ ಅವರ ರುಜುವಿನಲ್ಲಿ ಮುಗಿಯುತ್ತದೆ. ಡಿಸೆಂಬರಿನಲ್ಲಿ ಯಾವ ತೋಪಿನಲ್ಲಿ ಕೆಲಸವಿದ್ದರೂ, ತೋಪಿನ ಯಜಮಾನರನ್ನು ಕೇಳಿ, ಚೆನ್ನಾಗಿ ಕುಚ್ಚುಗಟ್ಟಿದ ಒಂದು ತುದಿಯನ್ನು ತೆಗೆದಿಟ್ಟು, ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದರು.

ನಾನು ಒಂಬತ್ತನೆಯ ತರಗತಿಗೆ ಪಟ್ಟಣದ ಶಾಲೆಗೆ ಸೇರಿದ ವರ್ಷ, ಎಂದರೆ ೨೦೧೮ರಲ್ಲಿ, ಅಲ್ಲಿ ಹೊಸದಾಗಿ ಕಂಡ ಪುಸ್ತಕಗಳ ಚಿತ್ರಗಳಲ್ಲಿ ಹಿಮ ಹೊತ್ತ ಫರ್ ಮರವನ್ನು ನೋಡಿ ಬಂದು, ಸೈಕಲ್ಲಿನಿಂದ ಕೊಂಬೆಯನ್ನು ಇಳಿಸುತ್ತಿದ್ದ ಅಪ್ಪನಿಗೆ ಹೇಳಿದೆ: “ಇದು ಕ್ರಿಸ್ಮಸ್ ಮರ ಅಲ್ಲವೇ ಅಲ್ಲ. ಸಾರುವೆ ಕಟ್ಟೋ ಮರ ತಂದು ದೇವರ ಮುಂದೆ ಇಟ್ಟರೆ ನೋಡಿದವರು ನಗ್ತಾರೆ.” ಅಪ್ಪ ಏನೂ ಅನ್ನಲಿಲ್ಲ. ಕೊಂಬೆಯನ್ನು ಆ ವರ್ಷ ಇಟ್ಟರು. ಮರುವರ್ಷ ತರಲಿಲ್ಲ. ಅದರ ಮರುವರ್ಷವೂ ತರಲಿಲ್ಲ. ೨೦೨೧ರಲ್ಲಿ ಅಮ್ಮ ತೀರಿಕೊಂಡಳು; ಆ ಮೇಲೆ ಗೋದಲಿಯೂ ನಿಂತಿತು. ಅಕ್ಕ ಬೆಂಗಳೂರಿನಲ್ಲಿ ದಾದಿ. ಹಬ್ಬದ ದಿನಗಳಲ್ಲಿ ಆಸ್ಪತ್ರೆಗೆ ರಜೆಯಿಲ್ಲವಷ್ಟೆ; ಮೂರು ವರ್ಷ ಅವಳು ಊರಿಗೆ ಬಂದಿರಲಿಲ್ಲ. ೨೦೨೪ರಲ್ಲಿ ಅಪ್ಪ ತಾವಾಗಿಯೇ, “ಅವಳು ಬರಾಕಾಗಲ್ಲ ಅಂದ್ರೆ ನಾವೇ ಹೋಗಾಣ” ಎಂದರು. ಹೀಗೆ ತಂದೆಮಕ್ಕಳಿಬ್ಬರೂ ಹಬ್ಬಕ್ಕೆ ಅಕ್ಕನ ಬಾಡಿಗೆ ಮನೆಯನ್ನು ಸೇರಿದೆವು.

ಅಲ್ಲಿ ಒಂದು ಪ್ಲಾಸ್ಟಿಕ್ ಮರವಿತ್ತು. ಅದರ ಮೂರು ಕಾಲುಗಳಲ್ಲಿ ಒಂದು ಮುರಿದು, ಗೋಡೆಗೆ ಒರಗಿಕೊಂಡು ನಿಂತಿತ್ತು. ಈ ಸಲ ನಿಜವಾದ ಮರ ಬೇಕೆಂದು ಮಕ್ಕಳಿಬ್ಬರ ಹಟ. ಆ ಸಂದರ್ಭದಲ್ಲಿ ಹುಟ್ಟಿದ್ದೇ ಮೇಲೆ ಹೇಳಿದ ಪ್ರಶ್ನೆ.

ಇನ್ನು ಚರಿತ್ರೆಗೆ ಬರೋಣ. ಮರವನ್ನು ಮನೆಯೊಳಗೆ ತಂದು ಸಿಂಗರಿಸುವ ಪದ್ಧತಿ ಬೆಳೆದದ್ದು ಜರ್ಮನ್ ಭಾಷೆಯನ್ನಾಡುವ ನಾಡುಗಳಲ್ಲಿ. ಮಧ್ಯಯುಗದಲ್ಲಿ ಆ ಕಡೆ ಡಿಸೆಂಬರ್ ೨೪ ಆದಾಮ ಮತ್ತು ಹವ್ವರ ದಿನ. ಏದೆನ್ ತೋಟದ ಕಥೆಯನ್ನು ಅಂದು ನಾಟಕವಾಡುತ್ತಿದ್ದರು. ನಾಟಕಕ್ಕೆ ಹಣ್ಣಿನ ಮರ ಬೇಕು. ಆದರೆ ಹೊರಗೆ ಕಡು ಚಳಿ, ಸೇಬಿನ ಮರದಲ್ಲಿ ಒಂದೆಲೆಯೂ ಇಲ್ಲ. ಆದುದರಿಂದ, ಚಳಿಗಾಲದಲ್ಲಿಯೂ ಹಸಿರಾಗಿರುವ ಫರ್ ಮರವನ್ನು ಕಡಿದು ತಂದು, ಅದಕ್ಕೆ ಸೇಬುಗಳನ್ನು ಕಟ್ಟಿದರು. ಇದನ್ನು ಕ್ರಿಸ್ಮಸ್ ಮರದ ಮೂಲಗಳಲ್ಲಿ ಮುಖ್ಯವಾದುದೆಂದು ಎಣಿಸುತ್ತಾರೆ. ಎಂದರೆ ಮೊಟ್ಟಮೊದಲ ಫರ್ ಮರವೇ ಇನ್ನೊಂದು ಮರದ ಬದಲಿಗೆ ವೇಷ ಹಾಕಿ ನಿಂತದ್ದು! ಮಾರ್ಟಿನ್ ಲೂಥರ್ ಕಾಡಿನಲ್ಲಿ ನಕ್ಷತ್ರಗಳನ್ನು ಕಂಡು ಮರಕ್ಕೆ ಮೊಂಬತ್ತಿ ಹಚ್ಚಿದನೆಂಬ ಕಥೆ ಬಹು ಪ್ರಚಾರದಲ್ಲಿದೆ; ಅದಕ್ಕೆ ಸಮಕಾಲೀನ ಆಧಾರವಿಲ್ಲ. ಆಧಾರವಿರುವುದು ೧೬೦೫ರ ಒಂದು ಬರಹಕ್ಕೆ. ಇಂದು ಫ್ರಾನ್ಸಿಗೆ ಸೇರಿದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಜನರು ಫರ್ ಮರಗಳನ್ನು ಮನೆಯ ಕೋಣೆಯಲ್ಲಿ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆ ಮಿಠಾಯಿಗಳನ್ನು ತೂಗುಬಿಡುತ್ತಾರೆಂದು ಅದರಲ್ಲಿದೆ.

ಇಂಗ್ಲೆಂಡಿನ ಕಥೆ ಇನ್ನೂ ಸ್ವಾರಸ್ಯವಾದುದು. ಮೂರನೆಯ ಜಾರ್ಜನ ರಾಣಿ ಷಾರ್ಲಟ್ ಹುಟ್ಟಿನಿಂದ ಜರ್ಮನಿಯವಳು. ಆಕೆ ೧೮೦೦ರ ಡಿಸೆಂಬರಿನಲ್ಲಿ ವಿಂಡ್ಸರಿನಲ್ಲಿ ಮಕ್ಕಳಿಗಾಗಿ ಒಂದು ಮರವನ್ನು ಸಿಂಗರಿಸಿದಳು. ಅದು ಫರ್ ಅಲ್ಲ. ಯೂ ಎಂಬ ಬೇರೆಯೇ ಜಾತಿ, ಆ ದೇಶದ ಚರ್ಚುಗಳ ಅಂಗಳದಲ್ಲಿ ಸಾಮಾನ್ಯವಾಗಿ ಕಾಣುವಂಥದು. ದೊರೆಯ ಹೆಂಡತಿಗೆ ಒಂದು ಫರ್ ಮರವನ್ನು ತರಿಸುವುದು ಕಷ್ಟವಾಗಿತ್ತೆಂದು ನಾನು ನಂಬಲಾರೆ. ಹತ್ತಿರವಿದ್ದುದನ್ನು ತಂದಳು, ಅಷ್ಟೆ. ೧೮೪೮ರಲ್ಲಿ ವಿಕ್ಟೋರಿಯಾ ರಾಣಿ, ಆಕೆಯ ಪತಿ ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತ ಚಿತ್ರವೊಂದು ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಬಂದದ್ದೇ ತಡ, ಪದ್ಧತಿ ಮನೆಮನೆಗೆ ಹಬ್ಬಿತು. ೧೮೫೦ರಲ್ಲಿ ಅಮೆರಿಕದ ಒಂದು ಮಹಿಳಾ ಪತ್ರಿಕೆ ಅದೇ ಚಿತ್ರವನ್ನು ಮರುಮುದ್ರಿಸಿತು. ಆದರೆ ರಾಣಿಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿಹಾಕಿತ್ತು! ಪ್ರಜಾಪ್ರಭುತ್ವದ ನಾಡಿನವರು ಅದನ್ನು ತಮ್ಮದೇ ಒಂದು ಸಂಸಾರವೆಂದು ತಿಳಿದುಕೊಳ್ಳಲಿ ಎಂದಿರಬೇಕು.

ಮರ ಎಷ್ಟು ಹಳೆಯದೋ ಎಂದುಕೊಂಡಿದ್ದ ನನಗೆ ಎಲ್ಲಕ್ಕಿಂತ ಅಚ್ಚರಿ ತಂದದ್ದು ರೋಮಿನ ವಿಷಯ. ಸಂತ ಪೇತ್ರರ ಮಹಾದೇವಾಲಯದ ಮುಂದಿನ ಚೌಕದಲ್ಲಿ ಮೊತ್ತಮೊದಲು ಕ್ರಿಸ್ಮಸ್ ಮರವನ್ನು ನಿಲ್ಲಿಸಿದ್ದು ೧೯೮೨ರಲ್ಲಿ, ಎರಡನೆಯ ಜಾನ್ ಪಾಲ್ ಪೋಪರ ಕಾಲದಲ್ಲಿ. ಗೋದಲಿಯಾದರೋ ಅಸ್ಸಿಸಿಯ ಸಂತ ಫ್ರಾನ್ಸಿಸರು ೧೨೨೩ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ, ನಿಜವಾದ ದನ ಕತ್ತೆಗಳನ್ನು ನಿಲ್ಲಿಸಿ ಮಾಡಿ ತೋರಿಸಿದುದು. ಅಮ್ಮ ರಾಗಿ ಪೈರಿನಿಂದ ಮಾಡುತ್ತಿದ್ದುದಕ್ಕೆ ಎಂಟುನೂರು ವರ್ಷಗಳ ವಂಶವೃಕ್ಷವಿದೆ. ಅದರ ಪಕ್ಕದ ಮರ ರೋಮಿನ ಚೌಕಕ್ಕೆ ಬಂದದ್ದು ನನ್ನ ಅಪ್ಪ ಹುಡುಗನಾಗಿದ್ದಾಗ.

ನಕಲಿ ಮರವೂ ನಾವು ಎಣಿಸಿದಷ್ಟು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿಯೇ ಹೆಬ್ಬಾತುಗಳ ಗರಿಗಳಿಗೆ ಹಸಿರು ಬಣ್ಣ ಕಟ್ಟಿ, ತಂತಿಗೆ ಸುತ್ತಿ ಮರ ಮಾಡುತ್ತಿದ್ದರು. ಅಕ್ಕನ ಮನೆಯ ಮುರುಕು ಪ್ಲಾಸ್ಟಿಕ್ ಮರ ಅದರ ದೂರದ ಮೊಮ್ಮಗಳು.

ಆ ರಾತ್ರಿ ಇಷ್ಟನ್ನೂ, ಸ್ವಲ್ಪ ಅಧ್ಯಾಪಕರ ಧಾಟಿಯಲ್ಲಿಯೇ, ಮಕ್ಕಳಿಗೆ ಹೇಳಿದೆ. ಚಿಕ್ಕವನು ಕಿರೀಟ ಅಳಿಸಿದ ಕಡೆ ನಕ್ಕು, ರೋಮಿಗೆ ಬರುವಷ್ಟರಲ್ಲಿ ನಿದ್ದೆಹೋದ. ಗೋಡೆಗೆ ಒರಗಿ ಕೇಳುತ್ತಿದ್ದ ಅಪ್ಪ ಕೊನೆಯಲ್ಲಿ ಒಂದೇ ಮಾತು ಅಂದರು: “ಹಂಗಾದ್ರೆ ಅವರವರ ಕಾಡಲ್ಲಿ ಸಿಕ್ಕಿದ್ನ ಅವರವರು ಕಡ್ಕಂಡ್ ಬಂದವ್ರೆ.” ನನ್ನ ಪಾಠವನ್ನು ಪರೀಕ್ಷೆಗೆ ಬರೆಯಲು ಇದಕ್ಕಿಂತ ಚಿಕ್ಕ ಸಾರಾಂಶ ಸಿಗಲಾರದು. ನನಗೆ ಮಾತ್ರ ಆ ಮೇಲೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಹಾಗಾದರೆ ನಮ್ಮ ಕಾಡಿನಲ್ಲಿ ಏನಿದೆ? ಫರ್, ಸ್ಪ್ರೂಸ್, ಪೈನ್ ಮೊದಲಾದವು ಹೂ ಬಿಡದೆ ಶಂಕುವಿನಾಕಾರದ ಕಾಯಿಗಳಲ್ಲಿ ಬೀಜ ಕಟ್ಟುವ ಮರಗಳು. ಶಂಕುಧಾರಿಗಳೆಂದು ಶಾಸ್ತ್ರದವರು ಕರೆಯುತ್ತಾರೆ. ಫರ್ ಮರಕ್ಕೆ ದೀರ್ಘವಾದ ಚಳಿ ಬೇಕು. ಹಿಮಾಲಯದಲ್ಲಿ ಅದರ ಜಾತಿಗಳಿವೆ, ನಮ್ಮ ಬಯಲುಸೀಮೆಯಲ್ಲಿ ಅದು ಬಾಳದು. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು: ಪಶ್ಚಿಮ ಘಟ್ಟಗಳ ಮಳೆಕಾಡಿನಲ್ಲಿರುವ, ನಗೇಯ ಎಂಬ ಕುಲಕ್ಕೆ ಸೇರಿದ ಮರ. ಅದಕ್ಕೋ ಅಗಲವಾದ ಎಲೆಗಳು. ಕಂಡವರು ಯಾವುದೋ ಹಣ್ಣಿನ ಮರವೆಂದುಕೊಂಡಾರು. ಹೀಗೆ ನಿಜವಾದ ಬಂಧು ನೋಡಲು ಬಂಧುವಿನಂತಿಲ್ಲ; ಬಂಧುವಿನಂತೆ ಕಾಣುವ ಸರ್ವೆ ಬಂಧುವಲ್ಲ. ಸರ್ವೆ, ಎಂದರೆ ಗಾಳಿ ಮರ, ಹೂ ಬಿಡುವ ಜಾತಿಯದು. ಅದರ ಸೂಜಿಗಳು ಎಲೆಗಳಲ್ಲ, ಸಣ್ಣ ರೆಂಬೆಗಳು. ಉಗುರಿನಿಂದ ಎಳೆದರೆ ಗೆಣ್ಣು ಗೆಣ್ಣಾಗಿ ಕಳಚಿಕೊಳ್ಳುತ್ತವೆ. ನಿಜವಾದ ಎಲೆಗಳು ಆ ಗೆಣ್ಣುಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಹಲ್ಲುಗಳಂತೆ ಕೂತಿವೆ. ಕ್ಯಾಸೊವರಿ ಎಂಬ ದೊಡ್ಡ ಹಕ್ಕಿಯ ಜೋಲು ಗರಿಗಳಂತೆ ಕಾಣುವುದರಿಂದ ಅದಕ್ಕೆ ಕ್ಯಾಶುರೈನ ಎಂಬ ಹೆಸರು. ಮೂಲತಃ ಆಗ್ನೇಯ ಏಷ್ಯ, ಆಸ್ಟ್ರೇಲಿಯ ಕಡೆಯ ಮರ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕಾರವಾರದ ಮರಳ ದಂಡೆಯಲ್ಲಿ ಸೌದೆಗಾಗಿ ನೆಡಲಾರಂಭಿಸಿದರು. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಒದಗಿಸುತ್ತವೆ. ಆದುದರಿಂದಲೇ ಬರಡು ನೆಲದಲ್ಲಿಯೂ ಅದು ಏಳುತ್ತದೆ. ಸರ್ವೆ ಕಡಿದ ಹೊಲದಲ್ಲಿ ಮೊದಲ ವರ್ಷ ರಾಗಿ ಚೆನ್ನಾಗಿ ಬರುತ್ತದೆಂದು ಅಪ್ಪ ಹೇಳುತ್ತಿದ್ದುದು ನನಗೆ ಆಗ ನೆನಪಾಯಿತು.

ಬೆಂಗಳೂರಿನ ಜನ ಕ್ರಿಸ್ಮಸ್ ಮರವೆಂದು ಕರೆಯುವುದು ಇವೆರಡನ್ನೂ ಅಲ್ಲ, ಅರಕೇರಿಯ ಎಂಬ ಮೂರನೆಯದನ್ನು. ಕುಂಡದಲ್ಲಿಟ್ಟು ಮಾರುವುದೂ ಅದನ್ನೇ. ಅದನ್ನು ಕೊಳ್ಳುವ ಮೊದಲು ಬೆಳೆದ ಮರ ಹೇಗಿರುತ್ತದೆಂದು ನೋಡಬೇಕೆಂಬುದು ಅಪ್ಪನ ಅಪೇಕ್ಷೆ. “ಕರ ಕೊಳ್ಳೋವಾಗ ತಾಯಿ ಹಸೀನ ನೋಡಬೇಕಲ್ವಾ?” ಅಕ್ಕ ಕೆಲಸಕ್ಕೆ ಹೋದ ಮೇಲೆ, ಮರುದಿನ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋದೆವು.

ಹೈದರಾಲಿ ೧೭೬೦ರಲ್ಲಿ ಆರಂಭಿಸಿದ ಈ ತೋಟದ ಚರಿತ್ರೆ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಗಾಜಿನ ಮನೆಗೆ ೧೮೮೯ರಲ್ಲಿ ಅಸ್ತಿಭಾರ ಹಾಕಿದ ರಾಜಕುಮಾರ ಆಲ್ಬರ್ಟ್ ವಿಕ್ಟರ್, ಆ ೧೮೪೮ರ ಚಿತ್ರದಲ್ಲಿ ಮರದ ಪಕ್ಕ ನಿಂತಿದ್ದ ರಾಣಿಯ ಮೊಮ್ಮಗನೆಂಬುದನ್ನು ಮಾತ್ರ ಹೇಳಿ ಮುಂದುವರಿಯುತ್ತೇನೆ. ಅಲ್ಲಿಯ ಅರಕೇರಿಯಗಳು ಬಹಳ ಎತ್ತರದವು. ಕಂಬದಂಥ ಕಾಂಡ; ಸುತ್ತಲೂ ಅಂತಸ್ತು ಅಂತಸ್ತಾಗಿ ಗಿಡ್ಡ ಕೊಂಬೆಗಳು. ಈ ಜಾತಿಯ ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ. ೧೭೭೪ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ಆ ದ್ವೀಪದ ಹತ್ತಿರ ಬಂದಾಗ, ದಡದಲ್ಲಿ ಎದ್ದುನಿಂತವು ಮರಗಳೋ ಕಲ್ಲಿನ ಕಂಬಗಳೋ ಎಂದು ಹಡಗಿನವರಲ್ಲಿ ವಾದವೇ ಎದ್ದಿತಂತೆ. ಕುಕ್ ಮರಗಳೆಂದ, ಅವನೇ ಗೆದ್ದ.

ಇದರಲ್ಲಿ ಒಂದು ವಿಚಿತ್ರವಿದೆ. ಈ ಮರ ನೆಟ್ಟಗೆ ನಿಲ್ಲುವುದಿಲ್ಲ. ೨೦೧೭ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ಖಂಡಗಳ ೨೫೬ ಮರಗಳನ್ನು ಅಳೆದು ನೋಡಿದರು. ಸರಾಸರಿ ಎಂಟೂವರೆ ಡಿಗ್ರಿಯಷ್ಟು ವಾಲು. ಅದೂ ಮನಬಂದ ಕಡೆಗಲ್ಲ, ಸಮಭಾಜಕ ವೃತ್ತದ ಕಡೆಗೆ. ಉತ್ತರಾರ್ಧಗೋಳದ ಮರಗಳು ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದವು ಉತ್ತರಕ್ಕೆ ಬಾಗಿದ್ದವು. ಹೀಗೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ನಾನು ಮೊಬೈಲ್ ಫೋನಿನ ದಿಕ್ಸೂಚಿಯನ್ನು ತೆರೆದು, ಒಂದು ಮರದ ಬುಡದಲ್ಲಿ ನಿಂತು, ಅತ್ತಿತ್ತ ತಿರುಗಿಸುತ್ತಿದ್ದೆ. ಅಪ್ಪ ನೆಲ ನೋಡಿದರು, ತಲೆಯೆತ್ತಿ ನೋಡಿದರು. “ಮಟಮಟ ಮಧ್ಯಾಹ್ನ. ನೆಳ್ಳು ಬಡಗಲಿಗೆ ಬಿದ್ದೈತೆ. ಮರ ನೆಳ್ಳಿಗೆ ಬೆನ್ನು ಹಾಕ್ಕಂಡೈತೆ. ತೆಂಕಲೇ ಸೈ.” ದಿಕ್ಸೂಚಿಯೂ ಅಷ್ಟು ಹೊತ್ತಿಗೆ ಅದನ್ನೇ ಹೇಳಿತು. ಎಲ್ಲ ದೇಶದಲ್ಲಿಯೂ ಹೀಗೆಯೇ ಎಂದು ನಾನು ವಿವರಿಸಿದಾಗ ಅಪ್ಪ ಬಹಳ ಗಮನವಿಟ್ಟು ಕೇಳಿ, “ಹೂಂ” ಎಂದರು.

ಅಲ್ಲಿಂದ ಸಿದ್ಧಾಪುರದ ಕಡೆಯ ನರ್ಸರಿಗಳಿಗೆ ನಡೆದೆವು. ಹಬ್ಬದ ಕಾಲವಾದ್ದರಿಂದ ಅರಕೇರಿಯ ಕುಂಡಗಳನ್ನು ದಾರಿಯುದ್ದಕ್ಕೂ ಇಟ್ಟಿದ್ದರು; ಕೆಲವಕ್ಕೆ ಕೆಂಪು ಟೇಪು ಸುತ್ತಿದ್ದರು. ನಾನು ಮೊದಲೇ ಓದಿಕೊಂಡಿದ್ದೆ. ಯೂರೋಪು ಅಮೆರಿಕಗಳಲ್ಲಿ ಆರೇಳು ಅಡಿಯ ಮರವನ್ನು ಏಳರಿಂದ ಹತ್ತು ವರ್ಷ ಹೊಲದಲ್ಲಿ ಸವರಿ ಬೆಳೆಸಿ, ಹಬ್ಬಕ್ಕೆ ಕಡಿದು ಮಾರುತ್ತಾರೆ. ಕೊಳ್ಳುವವರು ಕೊಂಬೆಯನ್ನು ಬೆರಳಲ್ಲಿ ಹಿಡಿದು ಎಳೆದು ನೋಡಬೇಕು, ಸೂಜಿಗಳು ಉದುರಬಾರದು. ಬುಡವನ್ನು ನೆಲಕ್ಕೆ ಕುಟ್ಟಿದರೆ ಹಸಿರು ಸೂಜಿಗಳು ಸುರಿಯಬಾರದು. ಈ ಜ್ಞಾನವನ್ನು ಪ್ರಯೋಗಿಸಲೆಂದು ನಾನು ಒಂದು ಕೊಂಬೆಯನ್ನು ಎಳೆದೆ. ನರ್ಸರಿಯವನು ಓಡಿಬಂದು, “ಸಾರ್, ಅದು ಜೀವ ಇರೋ ಗಿಡ, ಎಳೀಬೇಡಿ” ಎಂದ. ಕಡಿದ ಮರದ ಶಾಸ್ತ್ರ ಬೆಳೆಯುವ ಗಿಡಕ್ಕೆ ಸಲ್ಲದೆಂಬ ಸಾಮಾನ್ಯ ವಿವೇಕ ನನಗೆ ಹೊಳೆದಿರಲಿಲ್ಲ.

ಸೊಸೆ ಅಷ್ಟರಲ್ಲಿ ಒಂದನ್ನು ಆರಿಸಿಬಿಟ್ಟಿದ್ದಳು. ದಟ್ಟವಾಗಿ, ಗುಬುರುಗುಬುರಾಗಿ, ಚಿತ್ರದಲ್ಲಿದ್ದಂತೆಯೇ ಇತ್ತು. ಎಂಟುನೂರು ರೂಪಾಯಿ. ಅಪ್ಪ ಕುಕ್ಕರಗಾಲಲ್ಲಿ ಕೂತು, ಕೆಳಗಿನ ಕೊಂಬೆಗಳನ್ನು ಎರಡು ಕೈಯಿಂದ ಬಿಡಿಸಿ, ಅವಳನ್ನು ಹತ್ತಿರ ಕರೆದು ತೋರಿಸಿದರು. ಕುಂಡದೊಳಗೆ ಇದ್ದುದು ಒಂದು ಗಿಡವಲ್ಲ, ನಾಲ್ಕು. ಬೇಗ ದಟ್ಟವಾಗಿ ಕಾಣಲೆಂದು ನಾಲ್ಕು ಸಸಿಗಳನ್ನು ಒಟ್ಟಿಗೆ ಕೂಡಿಸಿದ್ದರು. ಈ ಗಿಡಗಳ ವ್ಯಾಪಾರದಲ್ಲಿ ಇದು ಬೇರೆ ದೇಶಗಳಲ್ಲಿಯೂ ವಾಡಿಕೆಯೆಂದು ಆಮೇಲೆ ಓದಿದೆ.

“ನೋಡವ್ವ, ಒಂದೇ ತೊಟ್ಲಲ್ಲಿ ನಾಕು ಕೂಸು ಮಲಗಿಸಿದ್ರೆ ಯಾವುದಕ್ಕೆ ನಿದ್ದೆ ಬರ್ತದೆ?”

“ಯಜಮಾನ್ರೆ, ಹಬ್ಬಕ್ಕಲ್ವಾ? ಗುಬುರಾಗಿದ್ರೇ ಲಕ್ಷಣ” ಎಂದ ನರ್ಸರಿಯವನು.

“ಹಬ್ಬ ಹದಿನೈದು ದಿನ ಕಣಪ್ಪ. ಆಮ್ಯಾಲೆ?”

ಆ ಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಈ ಲೇಖನದಲ್ಲಿ ಓದುಗರ ಉಪಯೋಗಕ್ಕೆ ಬರುವ ಭಾಗ ಏನಾದರೂ ಇದ್ದರೆ ಇದೇ. ಅಪ್ಪ ಒಂಟಿ ಗಿಡಗಳನ್ನು ಮಾತ್ರ ಬೇರೆ ತೆಗೆಸಿದರು. ಅವುಗಳಲ್ಲಿ ಪ್ರತಿಯೊಂದರ ಸುಳಿಯನ್ನು ನೋಡಿದರು. ಎರಡರ ಸುಳಿ ಮುರಿದಿತ್ತು. ಪಕ್ಕದಿಂದ ಚಿಗುರು ಬರುತ್ತದೆಂದು ನರ್ಸರಿಯವನು ಹೇಳಿದರೂ ಅಪ್ಪ ಒಪ್ಪಲಿಲ್ಲ. ಈ ವಿಷಯದಲ್ಲಿ ಶಾಸ್ತ್ರ ಅಪ್ಪನ ಕಡೆಗಿದೆ. ಸುಳಿ ಮುರಿದ ಅರಕೇರಿಯ ಮೊದಲಿನ ಅಂದಕ್ಕೆ ಬರುವುದು ಕಷ್ಟ. ಅಷ್ಟೇ ಅಲ್ಲ, ಅದರ ಪಕ್ಕದ ಕೊಂಬೆಯೊಂದನ್ನು ಕತ್ತರಿಸಿ ನೆಟ್ಟರೆ ಬೇರು ಬಿಟ್ಟ ಮೇಲೂ ಅದು ಕೊಂಬೆಯಂತೆ ಅಡ್ಡಡ್ಡವಾಗಿಯೇ ಬೆಳೆಯುತ್ತದೆ, ಮರವಾಗಿ ಏಳುವುದಿಲ್ಲ. ತಾನು ಕೊಂಬೆಯೆಂಬ ನೆನಪು ಅದಕ್ಕೆ ಹೋಗುವುದೇ ಇಲ್ಲ. ಅನಂತರ ಅಪ್ಪ ಕೆಳಗಿನ ಅಂತಸ್ತನ್ನು ನೋಡಿದರು. ಅಲ್ಲಿ ಕಂದುಬಣ್ಣ ತಿರುಗಿದ್ದರೆ ಆ ಗಿಡವನ್ನು ಬಿಟ್ಟರು, ಏಕೆಂದರೆ ಕೆಳಗೆ ಒಣಗಿಬಿದ್ದ ಕೊಂಬೆ ಮತ್ತೆ ಹುಟ್ಟದು. ಕುಂಡವನ್ನು ಓರೆಮಾಡಿ ತಳದ ತೂತನ್ನು ಬೆರಳಿನಿಂದ ತಡವಿದರು. ಬೇರು ಹೊರಗೆ ಬಂದು ಗಟ್ಟಿಯಾಗಿ ಸುತ್ತಿಕೊಂಡಿದ್ದರೆ ಕುಂಡದಲ್ಲಿ ಬಹಳ ಕಾಲ ಸೆರೆಯಿದ್ದ ಗಿಡ. ನೆಲಕ್ಕಿಟ್ಟರೂ ಬೇರು ಸುತ್ತುವ ಚಾಳಿಯನ್ನು ಬಿಡದು. ಕೊನೆಯದಾಗಿ, ಗಿಡ ನೆರಳುಬಲೆಯ ಕೆಳಗಿತ್ತೋ ಬಿಸಿಲಿನಲ್ಲಿತ್ತೋ ಎಂದು ಕೇಳಿದರು. ನೆರಳಿನದನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಸುಟ್ಟುಹೋಗುತ್ತದೆ.

ಹೀಗೆ ಹದಿನಾರು ಗಿಡಗಳು ಎರಡಾದವು, ಎರಡು ಒಂದಾಯಿತು. ಉಳಿದದ್ದು ಮೂರಡಿ ಎತ್ತರದ, ಐದು ಅಂತಸ್ತಿನ, ಸಣಕಲು ಗಿಡ. ಸೊಸೆಯ ಕಣ್ಣಲ್ಲಿ ನೀರು ತುಂಬಿತು. “ಇದು ಬೋಳು ಬೋಳಾಗಿದೆ, ತಾತ.”

“ಬೋಳಾಗಿರೋದ್ರಿಂದ್ಲೇ ನಕ್ಷತ್ರ ತೂಗಾಕೆ ಜಾಗ ಐತೆ. ಆ ಗುಬುರಿಗೆ ನೀನು ಎಲ್ಲಿ ಕಟ್ಟುತಿದ್ದೆ?”

ಅವಳು ಒಪ್ಪಿದಳೆಂದು ಹೇಳಲಾರೆ. ಆದರೆ ಆರುನೂರೈವತ್ತಕ್ಕೆ ವ್ಯಾಪಾರ ಕುದುರಿ, ಅಪ್ಪ ಚಡ್ಡಿಯ ಜೇಬಿನಿಂದ ಹಣ ತೆಗೆಯುವಾಗ ಕುಂಡದ ಅಂಚನ್ನು ತಾನೇ ಹಿಡಿದುಕೊಂಡಳು. ನಾನು ಫೋನಿನಿಂದ ಕೊಡುತ್ತೇನೆಂದರೂ ಅಪ್ಪ ಬಿಡಲಿಲ್ಲ. ಎರಡು ದಿನದ ಕೂಲಿಗೆ ಹತ್ತಿರದ ದುಡ್ಡು. ಆಟೋದಲ್ಲಿ ಗಿಡ ಅಪ್ಪನ ತೊಡೆಯ ಮೇಲೆ, ಸುಳಿಗೆ ಅವರ ಅಂಗೈ ಅಡ್ಡ.

ರಾತ್ರಿ ಒಂಬತ್ತಕ್ಕೆ ಅಕ್ಕ ಕೆಲಸ ಮುಗಿಸಿ ಬಂದಾಗ ಮಕ್ಕಳು ಕಾಗದದ ನಕ್ಷತ್ರಗಳನ್ನು ಕಟ್ಟುತ್ತಿದ್ದರು. ಅಪ್ಪ ತಮ್ಮ ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಗಂಟನ್ನು ತೆಗೆದರು. ಅಮ್ಮನ ಗೋದಲಿಯ ಬೊಂಬೆಗಳು: ಒಂದು ಕಿವಿ ಹೋದ ಕತ್ತೆ, ಬಣ್ಣ ಮಾಸಿದ ಕುರುಬ, ತಾಯಿ, ಮಗು. ಅವರು ಅದನ್ನು ತಂದಿದ್ದುದು ನನಗೂ ಗೊತ್ತಿರಲಿಲ್ಲ. ಅಕ್ಕ ಕೈ ಕೂಡ ತೊಳೆಯದೆ ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ನೋಡಿ, ಸೀರೆಯ ಸೆರಗಿನಿಂದ ಒರಸಿ, ಕುಂಡದ ಬುಡದಲ್ಲಿ ಇಟ್ಟಳು. ರಾಗಿ ಚೆಲ್ಲಲು ಹೊತ್ತು ಮೀರಿತ್ತು. ಭಾವ ಎಲ್ಲಿಂದಲೋ ಒಂದು ಹಿಡಿ ಗರಿಕೆ ತಂದರು.

ಎಲ್ಲರೂ ಮಲಗಿದ ಮೇಲೆ ನಾನು, “ಅಪ್ಪ, ಆವತ್ತು ಸರ್ವೆ ಕೊಂಬೆ ವಿಷಯದಲ್ಲಿ ನಾನು ಹೇಳಿದ್ದು ತಪ್ಪು” ಎಂದೆ.

“ಯಾವತ್ತು?” ಎಂದರು ಅಪ್ಪ. ನಿಜವಾಗಿ ಮರೆತಿದ್ದರೋ ಇಲ್ಲವೋ, ಕತ್ತಲಲ್ಲಿ ಅವರ ಮುಖ ಕಾಣಲಿಲ್ಲ.

ಬಾಡಿಗೆ ಮನೆಯ ತಾರಸಿಯ ಮೇಲೆ ಕುಂಡ ಇಡಕೂಡದೆಂದು ಮನೆಯ ಒಡೆಯರ ಕಟ್ಟಪ್ಪಣೆ. ಮನೆಯೊಳಗೆ ಬೆಳಕು ಸಾಲದು. ಅರಕೇರಿಯ ಕುಂಡದಲ್ಲಿ ಕೆಲವು ವರ್ಷ ಬಾಳಬಲ್ಲದು, ಆದರೆ ಬೆಳಕಿಲ್ಲದೆ ಅಲ್ಲ. ೨೦೨೫ರ ಜನವರಿಯಲ್ಲಿ, ಮೂವರು ಜ್ಞಾನಿಗಳು ಶಿಶುವನ್ನು ಕಾಣಲು ಬಂದ ನೆನಪಿನ ಹಬ್ಬ ಕಳೆದ ಮೇಲೆ, ಗಿಡವನ್ನು ನಾನು ಊರಿಗೆ ಸಾಗಿಸಿದೆ. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಚೀಟಿ ಹರಿದರು. ಸೊಸೆ ಅಂದು ಸಂಜೆಯೇ ಫೋನು ಮಾಡಿ, ಮುಂದಿನ ಹಬ್ಬಕ್ಕೆ ಮರವನ್ನು ಮರಳಿ ತರಬೇಕೆಂದು ತಾತನಿಂದ ಮಾತು ತೆಗೆದುಕೊಳ್ಳಲು ನೋಡಿದಳು. “ನೆಲಕ್ಕೆ ಇಟ್ಟ ಮರ ಬರಾಕಿಲ್ಲ ಕಣವ್ವ. ನೀವೇ ಬನ್ನಿ, ನಿಮ್ಮವ್ವನ್ನೂ ಕರ್ಕಂಡ್ ಬನ್ನಿ” ಎಂದರು ಅಪ್ಪ. ಅತ್ತಲಿಂದ ಅಕ್ಕ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅಪ್ಪ ಮಾತ್ರ “ರಜಾ ಈಗ್ಲೇ ಬರೆದು ಕೊಡು” ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಗಿಡವನ್ನು ಎಲ್ಲಿ ನೆಡಬೇಕೆಂಬ ಮಾತು ಬಂತು. ಮನೆಯ ಮುಂದೆ, ಬಡಗಲಿಗೆ, ಹಿತ್ತಿಲ ಬಾವಿಯ ಹತ್ತಿರ ಒಳ್ಳೆಯ ಮಣ್ಣಿದೆ. ಅಲ್ಲಿಯೇ ಇರಲೆಂದು ನಾನು ಕುಂಡವನ್ನು ಎತ್ತಿದೆ. ಅಪ್ಪ ತಡೆದರು.

“ತೆಂಕಲಿಗೆ ವಾಲತದೆ ಅಂದಲ್ಲ ನೀನು, ಎಲ್ಲ ದೇಶದಲ್ಲೂ ಅಳದವ್ರೆ ಅಂತ. ಖಂಡಿತವಾ?”

“ನಮ್ಮ ಕಡೆಯೆಲ್ಲ ತೆಂಕಲಿಗೇ. ಲಾಲ್‌ಬಾಗಲ್ಲೂ ನೋಡಿದೆವಲ್ಲ.”

“ಹಂಗಾದ್ರೆ ಬಡಗಲಿಗೆ ಬ್ಯಾಡ. ಮನೆ ಮ್ಯಾಲೆ ವಾಲತದೆ.” ಅಪ್ಪ ಮನೆಯ ತೆಂಕಣ ಗೋಡೆಗೆ ಬೆನ್ನುಕೊಟ್ಟು ನಿಂತು, ಹೊಲದ ಕಡೆಗೆ ಇಪ್ಪತ್ತು ಹೆಜ್ಜೆ ಎಣಿಸಿದರು, ಅಲ್ಲಿ ನಿಂತು ಆಚೆ ನಮ್ಮ ರಾಗಿ ಹೊಲದ ಬದುವಿನ ತನಕ ಕಣ್ಣಳತೆ ನೋಡಿದರು, ಹಿಮ್ಮಡಿಯಿಂದ ಗುರುತು ಮಾಡಿ, ಹಾರೆಯನ್ನು ನನ್ನ ಕೈಗೆ ಕೊಟ್ಟರು.